ಹೆಚ್ಚು ವೋಲ್ಟೇಜಿಗೆ ಅಡ್ಡ ಬೀಳುವ ‘ಹಾರೆ’: ಎಲೆಕ್ಟ್ರಾನಿಕ್ ಉಪಕರಣಗಳಿಗೆ ಮನೆಯಲ್ಲೇ ಕಟ್ಟಬಹುದಾದ ರಕ್ಷಣಾ ಸರ್ಕ್ಯೂಟ್

ಮೇ ತಿಂಗಳ ಒಂದು ಸಂಜೆ ಗಂಗಾವತಿಯ ನಮ್ಮ ಓಣಿಯಲ್ಲಿ ಗಾಳಿಮಳೆ ನಿಂತ ಸ್ವಲ್ಪ ಹೊತ್ತಿಗೆ, ತಲೆಯ ಮೇಲಿನ ಫ್ಯಾನು ಇದ್ದಕ್ಕಿದ್ದಂತೆ ಗುಂಯ್‌ಗುಡುತ್ತ ಹುಚ್ಚು ವೇಗದಲ್ಲಿ ತಿರುಗತೊಡಗಿತು. ಮೇನ್ ಸ್ವಿಚ್ ಕೆಳಗೆಳೆದು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಓಡಿ ಬಂದು, “ಮಾವ, ನಮ್ಮನಿ ಬಲ್ಬು ಹಗಲಿನ್ಹಂಗ ಉರಿಯಾಕತ್ತೈತ್ರಿ, ಟಿವಿ ಡಬ್ಬಿ ಸುಟ್ಟ ವಾಸನಿ ಬರಾಕತ್ತೈತಿ” ಎಂದ. ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದಿತ್ತು.

ಮರುದಿನ ನನ್ನ ಮೇಜಿನ ಮೇಲೆ ಮೂರು ವಸ್ತುಗಳು ಬಂದು ಕುಳಿತವು. ಮೊದಲನೆಯ ಸೆಟ್‌ಟಾಪ್ ಬಾಕ್ಸಿನಲ್ಲಿ ನೀಲಿ ಬಿಲ್ಲೆಯಂತಹ ವೇರಿಸ್ಟರ್ (ವೋಲ್ಟೇಜ್ ಮಿತಿ ಮೀರಿದರೆ ಮಾತ್ರ ಕರೆಂಟು ಹರಿಸುವ ಬಿಡಿಭಾಗ) ಎರಡು ಹೋಳಾಗಿ ಬಿದ್ದಿತ್ತು, ಫ್ಯೂಸಿನ ಗಾಜು ಒಳಗಿನಿಂದ ಕಪ್ಪಾಗಿತ್ತು. ಎರಡನ್ನೂ ಬದಲಿಸಿದೊಡನೆ ಬಾಕ್ಸ್ ಮೊದಲಿನಂತೆ ನಡೆಯಿತು. ಎರಡನೆಯದರಲ್ಲಿ ಹಿಂದೆ ಯಾರೋ ಫ್ಯೂಸಿನ ಜಾಗಕ್ಕೆ ತಂತಿಯ ಎಳೆಯೊಂದನ್ನು ಬೆಸೆದಿದ್ದರು. ಅದರ ಬೋರ್ಡು ಇದ್ದಿಲಾಗಿತ್ತು, ಫಿಲ್ಟರ್ ಕೆಪಾಸಿಟರಿನ ತಲೆ ಹಾರಿ ಒಳಗಿನ ಕಾಗದ ಹೊರಗೆ ಬಂದಿತ್ತು. ಮೂರನೆಯದು ವೈಫೈ ರೂಟರ್. ಅದರ ಅಡಾಪ್ಟರ್ ಸತ್ತಿರಲಿಲ್ಲ, ಆದರೆ ಹೊರಬರುವ ವೋಲ್ಟೇಜನ್ನು ಅಂಕೆಯಲ್ಲಿಡುವ ಫೀಡ್‌ಬ್ಯಾಕ್ ಭಾಗ ಕೆಟ್ಟು 12 ವೋಲ್ಟ್ ಕೊಡಬೇಕಾದ ಕಡೆ 19 ವೋಲ್ಟ್ ಕೊಡುತ್ತಿತ್ತು, ರೂಟರ್ ಅದನ್ನು ಕುಡಿದು ಸತ್ತಿತ್ತು. ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಮೂರು ಡಬ್ಬಿಗಳೊಳಗೇ ಇದೆ. ಹೆಚ್ಚಾಗಿ ಬಂದ ವೋಲ್ಟೇಜನ್ನು ತಡೆದು ನಿಲ್ಲಿಸುವ ಬಿಡಿಭಾಗವನ್ನು ಹುಡುಕುವುದಕ್ಕಿಂತ, ಅದು ಬಂದ ಕ್ಷಣದಲ್ಲಿ ಫ್ಯೂಸ್ ಹಾರುವಂತೆ ಮಾಡಿ ಉಪಕರಣವನ್ನು ಬೇರ್ಪಡಿಸುವುದು ಸುಲಭ ಮತ್ತು ಖಚಿತ.

ವೋಲ್ಟೇಜ್ ಏರುವುದು ಎಲ್ಲಿಂದ

ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಬಳ್ಳಾರಿಯ ಕುಡತಿನಿಯಲ್ಲಿ 1700 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರಗಳಿವೆ, ತುಂಗಭದ್ರಾ ಅಣೆಕಟ್ಟೆಯ ಜಲವಿದ್ಯುತ್ ಬೇರೆ ಇದೆ. ಆದರೂ ನಮ್ಮ ಮನೆಗಳ ವೋಲ್ಟೇಜ್ ಸ್ಥಿರವಾಗಿರುವುದಿಲ್ಲ ಎಂಬುದು ದೀಪದ ಬುಡದ ಕತ್ತಲೆಯೇ ಸರಿ. ಏಕೆಂದರೆ ತೊಂದರೆ ಇರುವುದು ಸ್ಥಾವರದಲ್ಲಲ್ಲ, ಓಣಿಯ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಮನೆಯ ಮೀಟರಿನವರೆಗಿನ ಕೊನೆಯ ಕೆಲವು ನೂರು ಅಡಿಗಳಲ್ಲಿ. 1956ರ ಭಾರತೀಯ ವಿದ್ಯುತ್ ನಿಯಮಗಳು ಜಾರಿಯಲ್ಲಿದ್ದಾಗ ಅವುಗಳ ಪ್ರಕಾರ ಮನೆಗೆ ಬರುವ ವೋಲ್ಟೇಜ್ ಘೋಷಿತ ಮಟ್ಟದಿಂದ ಶೇ. 6ಕ್ಕಿಂತ ಹೆಚ್ಚು ಏರಿಳಿಯಬಾರದಿತ್ತು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಇದು 216ರಿಂದ 244 ವೋಲ್ಟ್ ಆಗುತ್ತದೆ. ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ, ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಿಂತಾಗ ಅಥವಾ ಅಕ್ಕಿ ಗಿರಣಿಗಳ ಪಾಳಿ ಮುಗಿದಾಗ, ಲೈನಿನ ಮೇಲಿನ ಹೊರೆ ಇಳಿದು ವೋಲ್ಟೇಜ್ ಈ ಗಡಿಯನ್ನು ದಾಟುವುದನ್ನು ಮಲ್ಟಿಮೀಟರ್ ಇಟ್ಟುಕೊಂಡ ಯಾರು ಬೇಕಾದರೂ ರಾತ್ರಿ ನೋಡಬಹುದು. ಇದು ನಿಧಾನವಾದ ಏರಿಕೆ. ಸಾಮಾನ್ಯವಾಗಿ ಒಳ್ಳೆಯ ಉಪಕರಣಗಳು ಇದನ್ನು ತಾಳಿಕೊಳ್ಳುತ್ತವೆ.

ಎರಡನೆಯದು ಮಿಂಚು ಮತ್ತು ಸ್ವಿಚಿಂಗ್‌ನಿಂದ ಬರುವ, ಸೆಕೆಂಡಿನ ಲಕ್ಷದಲ್ಲೊಂದು ಭಾಗದ ಸುಮಾರಿಗೆ ಮುಗಿದುಹೋಗುವ ಚುರುಕಾದ ಏರಿಕೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಸರ್ವೋ ಮೋಟರ್ ಯಂತ್ರಗಳ ಕಂಟ್ರೋಲ್ ಡಬ್ಬಿಗಳು ಮಳೆಗಾಲದ ಮುಂಚಿನ ಗುಡುಗಿನ ದಿನಗಳಲ್ಲಿ ಒಂದರ ಹಿಂದೆ ಒಂದು ರಿಪೇರಿಗೆ ಬರಲು ಇದೂ ಒಂದು ಕಾರಣ.

ಮೂರನೆಯದೇ ನಿಜವಾದ ಮಾರಿ: ನ್ಯೂಟ್ರಲ್ ಕಡಿಯುವುದು. ಟಿಸಿಯಿಂದ ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್ ಬರುತ್ತವೆ. ಯಾವುದೇ ಫೇಸಿನಿಂದ ನ್ಯೂಟ್ರಲಿಗೆ 230 ವೋಲ್ಟ್, ಒಂದು ಫೇಸಿನಿಂದ ಇನ್ನೊಂದಕ್ಕೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಕಡಿದರೆ ಎರಡು ಫೇಸಿನ ಮನೆಗಳು ಒಂದರ ಹಿಂದೊಂದು ಸರಪಳಿಯಂತೆ ಕೂಡಿಕೊಂಡು 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ, ಇನ್ನೊಂದರಲ್ಲಿ 100 ವ್ಯಾಟಿನ ಬಲ್ಬು ಮಾತ್ರ ಇವೆ ಎಂದುಕೊಳ್ಳೋಣ. ಇಸ್ತ್ರಿ ಪೆಟ್ಟಿಗೆಯ ರೋಧ ಸುಮಾರು 53 ಓಮ್, ಬಲ್ಬಿನದು ಸುಮಾರು 529 ಓಮ್. ಹಂಚಿಕೆಯಲ್ಲಿ ಬಲ್ಬಿನ ಮನೆಗೆ ಸುಮಾರು 364 ವೋಲ್ಟ್ ಬಂದರೆ ಇಸ್ತ್ರಿಯ ಮನೆಗೆ 36 ವೋಲ್ಟ್ ಮಾತ್ರ ಉಳಿಯುತ್ತದೆ. ಕಡಿಮೆ ಕರೆಂಟು ಬಳಸುತ್ತಿದ್ದ ಮನೆಯೇ ಹೆಚ್ಚು ಪೆಟ್ಟು ತಿನ್ನುವ ಈ ವಿಚಿತ್ರವನ್ನು ಜನರಿಗೆ ಅರ್ಥಮಾಡಿಸುವುದು ಕಷ್ಟ. 364 ವೋಲ್ಟ್ ಎಂದರೆ ಅಲೆಯ ತುದಿಯಲ್ಲಿ 515 ವೋಲ್ಟ್. ಟಿವಿ, ಸೆಟ್‌ಟಾಪ್ ಬಾಕ್ಸ್, ಮೊಬೈಲ್ ಚಾರ್ಜರುಗಳ ಒಳಗಿನ ಫಿಲ್ಟರ್ ಕೆಪಾಸಿಟರಿನ ಮೇಲೆ ಬರೆದಿರುವುದು ಸಾಮಾನ್ಯವಾಗಿ 400 ಅಥವಾ 450 ವೋಲ್ಟ್. ತಲೆ ಹಾರಿದ್ದು ಅದಕ್ಕೇ.

ಎಂಸಿಬಿ ಇದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಎಂಸಿಬಿ ನೋಡುವುದು ಹರಿಯುವ ಕರೆಂಟನ್ನು, ಆರ್‌ಸಿಸಿಬಿ ನೋಡುವುದು ಸೋರಿಕೆಯನ್ನು. ವೋಲ್ಟೇಜ್ ಎಷ್ಟಿದೆ ಎಂಬುದು ಎರಡಕ್ಕೂ ಗೊತ್ತಾಗುವುದಿಲ್ಲ.

ಮೊದಲ ಸರ್ಕ್ಯೂಟ್: 12 ವೋಲ್ಟಿನ ಕಡೆಗೆ ಹಾರೆ

ಹೊಸದಾಗಿ ಕಲಿಯುವವರು 230 ವೋಲ್ಟಿನ ಕಡೆಯಿಂದ ಶುರುಮಾಡಬಾರದು. ರೂಟರ್, ಸಿಸಿಟಿವಿಯ ಡಿವಿಆರ್, ಸಣ್ಣ ಎಲ್‌ಇಡಿ ಪರದೆ ಇವೆಲ್ಲ ಅಡಾಪ್ಟರಿನಿಂದ 12 ವೋಲ್ಟ್ ಡಿಸಿ ಪಡೆಯುತ್ತವೆ, ಮುಟ್ಟಿದರೆ ಜೀವಕ್ಕೆ ಅಪಾಯವಿಲ್ಲ, ಮತ್ತು ಉಪಕರಣದ ಬೆಲೆಯೆಲ್ಲ ಈ ಕಡೆಯೇ ಇರುತ್ತದೆ. ರಾಯಚೂರು ಕಡೆಯ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ದಾಟಿದಾಗ ಕಪಾಟಿನ ಹಿಂದೆ ಸಿಕ್ಕಿಸಿದ ಅಡಾಪ್ಟರ್ ಒಳಗೆ ಇನ್ನೆಷ್ಟು ಕಾಯುತ್ತದೆ ಎಂಬುದನ್ನು ಕೈಯಿಟ್ಟೇ ತಿಳಿಯಬಹುದು. ಉಷ್ಣತೆ 10 ಡಿಗ್ರಿ ಏರಿದಂತೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ ಸುಮಾರಾಗಿ ಅರ್ಧಕ್ಕಿಳಿಯುತ್ತದೆ ಎಂಬುದು ರಿಪೇರಿ ಮಾಡುವವರ ಹಳೆಯ ಲೆಕ್ಕ. ಹೀಗೆ ಒಣಗಿದ ಅಡಾಪ್ಟರುಗಳೇ ಒಂದು ದಿನ ಅಂಕೆ ತಪ್ಪುತ್ತವೆ.

ಇಲ್ಲಿ ಕಟ್ಟುವ ಸರ್ಕ್ಯೂಟಿಗೆ ಪ್ರಪಂಚದಾದ್ಯಂತ ‘ಕ್ರೋಬಾರ್’ ಎಂದು ಹೆಸರು. ನಮ್ಮ ಭಾಷೆಯಲ್ಲಿ ಹಾರೆ. ವೋಲ್ಟೇಜ್ ಮಿತಿ ದಾಟಿದರೆ ಪ್ಲಸ್ ಮತ್ತು ಮೈನಸ್ ತಂತಿಗಳ ಮೇಲೆ ಕಬ್ಬಿಣದ ಹಾರೆಯನ್ನು ಅಡ್ಡ ಕೆಡವಿದಂತೆ ಶಾರ್ಟ್ ಮಾಡುವುದು, ಆ ಭಾರಿ ಕರೆಂಟಿಗೆ ಫ್ಯೂಸ್ ಹಾರುವುದು, ಇಷ್ಟೇ ಇದರ ತಂತ್ರ. ಹಾರೆಯ ಕೆಲಸವನ್ನು ಎಸ್‌ಸಿಆರ್ ಎಂಬ ಮೂರು ಕಾಲಿನ ಬಿಡಿಭಾಗ ಮಾಡುತ್ತದೆ. ಅದರ ಗೇಟ್ ಕಾಲಿಗೆ ಸಣ್ಣ ಕರೆಂಟು ತಾಗಿದರೆ ಸಾಕು, ಆನೋಡಿನಿಂದ ಕ್ಯಾಥೋಡಿಗೆ ದಾರಿ ತೆರೆದುಕೊಂಡು, ಹರಿಯುವ ಕರೆಂಟು ಬಹುತೇಕ ನಿಲ್ಲುವವರೆಗೆ ಮುಚ್ಚಿಕೊಳ್ಳುವುದಿಲ್ಲ. ಗೇಟಿಗೆ ಯಾವಾಗ ಕರೆಂಟು ಬಿಡಬೇಕೆಂದು ನಿರ್ಧರಿಸುವುದು ಝೀನರ್ ಡಯೋಡ್; ತಿರುಗಿಸಿ ಜೋಡಿಸಿದಾಗ, ನಿಗದಿತ ವೋಲ್ಟೇಜ್ ದಾಟಿದ ಮೇಲಷ್ಟೇ ಅದು ಕರೆಂಟು ಬಿಡುತ್ತದೆ.

ಬೇಕಾದ ಸಾಮಾನು ಬಳ್ಳಾರಿ, ರಾಯಚೂರು, ಗಂಗಾವತಿಯಂತಹ ಊರುಗಳಲ್ಲಿ ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ: ಬಿಟಿ151 ಎಸ್‌ಸಿಆರ್ ಒಂದು, 1ಎನ್4743ಎ ಎಂಬ 13 ವೋಲ್ಟ್ 1 ವ್ಯಾಟಿನ ಝೀನರ್ ಒಂದು, 1ಎನ್5408 ಡಯೋಡ್ ಒಂದು, 47 ಓಮ್, 1 ಕಿಲೋ ಓಮ್ ಮತ್ತು 2.2 ಕಿಲೋ ಓಮ್ ರೆಸಿಸ್ಟರುಗಳು (ಕೊನೆಯದು ಅರ್ಧ ವ್ಯಾಟಿನದಿರಲಿ), 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಕೆಂಪು ಎಲ್‌ಇಡಿ, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, 20 ಮಿಲಿಮೀಟರಿನ ಬೇಗ ಹಾರುವ ಗಾಜಿನ ಫ್ಯೂಸುಗಳು, ಚುಕ್ಕಿ ಬೋರ್ಡಿನ ಒಂದು ತುಂಡು, ಅಡಾಪ್ಟರ್ ಪಿನ್ನಿಗೆ ಹೊಂದುವ ಸಾಕೆಟ್ ಮತ್ತು ಪಿನ್, ಪ್ಲಾಸ್ಟಿಕ್ ಡಬ್ಬಿ.

ಕಟ್ಟುವ ಮೊದಲು ಒಂದು ಅಳತೆ ಕಡ್ಡಾಯ. ಅಡಾಪ್ಟರನ್ನು ಯಾವ ಉಪಕರಣಕ್ಕೂ ಸಿಕ್ಕಿಸದೆ ಅದರ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಬೇಕು. ಹಗುರವಾದ ಈಗಿನ ಎಸ್‌ಎಂಪಿಎಸ್ ಅಡಾಪ್ಟರ್ 12ರ ಆಸುಪಾಸಿನಲ್ಲೇ ತೋರಿಸುತ್ತದೆ. ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ತೂಕದ ಹಳೆಯ ಅಡಾಪ್ಟರುಗಳು ಹೊರೆಯಿಲ್ಲದಾಗ 16–17 ವೋಲ್ಟ್ ತೋರಿಸುವುದು ಸಹಜ. ಅವಕ್ಕೆ ಈ ಸರ್ಕ್ಯೂಟ್ ಹಾಕಿದರೆ ಸುಮ್ಮಸುಮ್ಮನೆ ಫ್ಯೂಸ್ ಹಾರುತ್ತಲೇ ಇರುತ್ತದೆ. ಅಡಾಪ್ಟರ್ ಪಿನ್ನಿನ ಒಳಗಿನ ತೂತು ಪ್ಲಸ್ ಹೌದೇ ಎಂಬುದನ್ನೂ ಇದೇ ಸಮಯದಲ್ಲಿ ಖಚಿತಪಡಿಸಿಕೊಳ್ಳಿ.

ಈಗ ಬೆಸುಗೆ. ಅಡಾಪ್ಟರಿನ ಪ್ಲಸ್ ತಂತಿ ಬೋರ್ಡಿಗೆ ಬಂದೊಡನೆ ಮೊದಲು ಫ್ಯೂಸ್ ಹೋಲ್ಡರಿನ ಮೂಲಕ ಹಾಯಬೇಕು. ಬೇರೆ ಯಾವ ಬಿಡಿಭಾಗವೂ ಅದಕ್ಕಿಂತ ಮುಂಚೆ ಬರಬಾರದು, ಫ್ಯೂಸಿನ ಎರಡೂ ತುದಿಗಳಿಗೆ ಅಡ್ಡಲಾಗಿ ಹಾಕುವ ಸೂಚಕ ದೀಪವೊಂದನ್ನು ಬಿಟ್ಟು. ಫ್ಯೂಸ್ ದಾಟಿದ ಬಿಂದುವನ್ನು ‘ಅ’ ಎಂದು ಕರೆಯೋಣ. ಉಪಕರಣಕ್ಕೆ ಹೋಗುವ ಪ್ಲಸ್ ತಂತಿ ಹೊರಡುವುದು ಈ ‘ಅ’ ಬಿಂದುವಿನಿಂದ. ಮೈನಸ್ ತಂತಿ ಅಡಾಪ್ಟರಿನಿಂದ ನೇರವಾಗಿ ಉಪಕರಣಕ್ಕೆ ಹೋಗುತ್ತದೆ.

ಎಸ್‌ಸಿಆರಿನ ಅಕ್ಷರ ಬರೆದ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ, ಎಡಗಡೆಯದು ಕ್ಯಾಥೋಡ್, ನಡುವಿನದು ಆನೋಡ್, ಬಲಗಡೆಯದು ಗೇಟ್. ನಡುಗಾಲನ್ನು ‘ಅ’ ಬಿಂದುವಿಗೂ ಎಡಗಾಲನ್ನು ಮೈನಸ್ಸಿಗೂ ಬೆಸೆಯಿರಿ. ಹಿಂಬದಿಯ ಲೋಹದ ತಗಡು ಒಳಗೇ ಆನೋಡಿಗೆ ಕೂಡಿಕೊಂಡಿರುತ್ತದೆ, ಅಂದರೆ ಅದರಲ್ಲಿ ಸದಾ ಪ್ಲಸ್ ಇರುತ್ತದೆ; ಅದು ಮೈನಸ್ ತಂತಿಗೋ ಡಬ್ಬಿಯ ಸ್ಕ್ರೂವಿಗೋ ತಾಗದಂತೆ ನೋಡಿಕೊಳ್ಳಬೇಕು. ಝೀನರಿನ ಕಪ್ಪು ಪಟ್ಟಿಯಿರುವ ತುದಿ ‘ಅ’ ಬಿಂದುವಿಗೆ, ಇನ್ನೊಂದು ತುದಿ 47 ಓಮ್ ರೆಸಿಸ್ಟರಿನ ಮೂಲಕ ಗೇಟಿಗೆ. ಗೇಟ್ ಮತ್ತು ಮೈನಸ್ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಎರಡನ್ನೂ ಅಕ್ಕಪಕ್ಕ ಹಾಕಿ. ಇವೆರಡನ್ನು ಕೆಲವರು ಉಳಿಕೆಯೆಂದು ಬಿಟ್ಟುಬಿಡುತ್ತಾರೆ. ಝೀನರಿನ ಅಲ್ಪ ಸೋರಿಕೆ ಮತ್ತು ಪಕ್ಕದ ಮಿಕ್ಸರ್ ಶುರುವಾದಾಗಿನ ಗದ್ದಲ ಗೇಟನ್ನು ತಟ್ಟಿ ಎಬ್ಬಿಸದಂತೆ ಕಾಯುವುದು ಇವೇ, ಆದ್ದರಿಂದ ಬಿಡಬಾರದು.

1ಎನ್5408 ಡಯೋಡಿನ ಪಟ್ಟಿಯ ತುದಿ ‘ಅ’ ಬಿಂದುವಿಗೆ, ಇನ್ನೊಂದು ಮೈನಸ್ಸಿಗೆ. ಸರಿಯಾದ ಅಡಾಪ್ಟರ್ ಸಿಕ್ಕಿಸಿದಾಗ ಇದು ಸುಮ್ಮನಿರುತ್ತದೆ. ಪ್ಲಸ್ ಮೈನಸ್ ಅದಲುಬದಲಾದ ಅಡಾಪ್ಟರನ್ನು ಯಾರಾದರೂ ಸಿಕ್ಕಿಸಿದರೆ ಫ್ಯೂಸ್ ಹಾರಿಸುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಸೂಚಕಕ್ಕಾಗಿ 2.2 ಕಿಲೋ ಓಮ್ ಮತ್ತು ಎಲ್‌ಇಡಿಯನ್ನು ಒಂದರ ಹಿಂದೊಂದು ಜೋಡಿಸಿ, ಎಲ್‌ಇಡಿಯ ಉದ್ದ ಕಾಲು ಅಡಾಪ್ಟರಿನ ಕಡೆಗಿರುವಂತೆ ಫ್ಯೂಸಿಗೆ ಅಡ್ಡಲಾಗಿ ಬೆಸೆಯಿರಿ. ಫ್ಯೂಸ್ ಸರಿಯಿರುವವರೆಗೆ ಅದು ಹೊತ್ತುವುದಿಲ್ಲ, ಹಾರಿದ ಮೇಲೆ ಕೆಂಪಾಗಿ ಉರಿಯುತ್ತದೆ.

ಬೋರ್ಡಿನ ಹಿಂದೆ ಒಂದು ವಿಷಯ ಗಮನಿಸಬೇಕು. ಫ್ಯೂಸಿನಿಂದ ಎಸ್‌ಸಿಆರ್ ಹಾಯ್ದು ಮೈನಸ್ಸಿಗೆ ಮರಳುವ ದಾರಿಯಲ್ಲಿ, ಹಾರೆ ಬಿದ್ದ ಗಳಿಗೆಯಲ್ಲಿ ಹತ್ತಾರು ಆಂಪಿಯರ್ ಹರಿಯಬಹುದು. ಚುಕ್ಕಿಯಿಂದ ಚುಕ್ಕಿಗೆ ಬರೀ ಬೆಸುಗೆ ಎಳೆದರೆ ಸಾಲದು. ಸಿಪ್ಪೆ ಸುಲಿದ ದಪ್ಪ ತಾಮ್ರದ ತಂತಿಯನ್ನು ಮಲಗಿಸಿ ಅದರ ಮೇಲೆ ಬೆಸುಗೆ ಹರಿಸಬೇಕು. ಇಲ್ಲವಾದರೆ ಫ್ಯೂಸ್ ಉಳಿದು ದಾರಿಯೇ ಸುಡುತ್ತದೆ. ಗೇಟಿನ ಕಡೆಯ ಭಾಗಗಳಿಗೆ ಎಂತಹ ತಂತಿಯಾದರೂ ನಡೆಯುತ್ತದೆ.

ಹಾರೆ ಬೀಳುವ ಮಟ್ಟ ಎಷ್ಟು? ಝೀನರಿನ 13 ವೋಲ್ಟಿಗೆ ಗೇಟಿನ ಸುಮಾರು 0.6 ವೋಲ್ಟ್ ಸೇರಿ ಹದಿಮೂರೂವರೆಯ ಆಸುಪಾಸು ಬರುತ್ತದೆ. ಝೀನರುಗಳಲ್ಲಿ ಶೇ. 5ರ ವ್ಯತ್ಯಾಸವಿರುವುದರಿಂದಲೂ ಎಸ್‌ಸಿಆರುಗಳ ಗೇಟು ಒಂದೊಂದು ಒಂದೊಂದು ತರಹ ಇರುವುದರಿಂದಲೂ ನಿಮ್ಮದು 13ರಿಂದ 14.5ರ ನಡುವೆ ಎಲ್ಲಾದರೂ ಬೀಳಬಹುದು; 12 ವೋಲ್ಟಿನ ಉಪಕರಣಕ್ಕೆ ಇದು ಒಳ್ಳೆಯ ಮಟ್ಟವೇ. ಸೌರ ಫಲಕ ಮತ್ತು ಲೆಡ್ ಆಸಿಡ್ ಬ್ಯಾಟರಿಯ ವ್ಯವಸ್ಥೆಗೆ ಮಾತ್ರ 13ರ ಝೀನರ್ ಹಾಕಬೇಡಿ. ಚಾರ್ಜ್ ಆಗುವಾಗ ಬ್ಯಾಟರಿ ತಾನಾಗಿಯೇ 14.4 ವೋಲ್ಟಿಗೆ ಏರುತ್ತದೆ. ಅಲ್ಲಿಗೆ 15 ವೋಲ್ಟಿನ 1ಎನ್4744ಎ ಸರಿ. 5 ವೋಲ್ಟಿನ ಉಪಕರಣಗಳಿಗೆ 5.6 ವೋಲ್ಟಿನ 1ಎನ್4734ಎ ಹಾಕುವವರಿದ್ದಾರೆ, ಆದರೆ ಕಡಿಮೆ ವೋಲ್ಟಿನ ಝೀನರುಗಳು ಮಿತಿಗೆ ಬಹಳ ಮುಂಚೆಯೇ ಸೋರತೊಡಗುವುದರಿಂದ ಫಲಿತಾಂಶ ನನಗೆ ಸಮಾಧಾನ ತಂದಿಲ್ಲ. ಅಂತಹ ಕಡೆ ಟಿಎಲ್431 ಎಂಬ ಸಣ್ಣ ಐಸಿಯಿಂದ ಮಿತಿಯನ್ನು ಖಚಿತವಾಗಿ ನಿಗದಿಪಡಿಸುವ ದಾರಿ ಇದೆ. ಅದನ್ನು ಈ ಸರ್ಕ್ಯೂಟ್ ಕೈಗೆ ಹತ್ತಿದ ಮೇಲೆ ನೋಡಬಹುದು.

ಫ್ಯೂಸಿನ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಅಡಾಪ್ಟರಿನ ಮೇಲೆ ಬರೆದ ಆಂಪಿಯರಿಗೆ ಸಮನಾದ ಫ್ಯೂಸ್ ಹಾಕಿದರೆ ಅದು ಹಾರದೆಯೂ ಇರಬಹುದು. ಕಾರಣ, ಶಾರ್ಟ್ ಆದಾಗ ಅಡಾಪ್ಟರ್ ತಾನೇ ಹಿಡಿದುಕೊಂಡು, ಬರೆದದ್ದಕ್ಕಿಂತ ಸ್ವಲ್ಪವೇ ಹೆಚ್ಚು ಕರೆಂಟು ಕೊಡುತ್ತ ನಿಲ್ಲುವುದುಂಟು. ಆಗ ಉಪಕರಣವೇನೋ ಉಳಿಯುತ್ತದೆ, ಏಕೆಂದರೆ ಶಾರ್ಟ್ ಆದ ತಂತಿಗಳ ಮೇಲೆ ಒಂದು ವೋಲ್ಟಿನಷ್ಟೇ ಇರುತ್ತದೆ. ಆದರೆ ಒಂದೂವರೆ ಆಂಪಿಯರ್ ಎಡೆಬಿಡದೆ ಹರಿದರೆ ಎಸ್‌ಸಿಆರ್ ಸುಮಾರು ಒಂದೂವರೆ ವ್ಯಾಟ್ ಶಾಖ ಉಗುಳುತ್ತದೆ. ಹೀಟ್‌ಸಿಂಕ್ ಇಲ್ಲದ ಈ ಗಾತ್ರದ ಬಿಡಿಭಾಗ ಪ್ರತಿ ವ್ಯಾಟಿಗೆ ಸುಮಾರು 60 ಡಿಗ್ರಿ ಏರುತ್ತದೆ, ಒಳಗಿನ ಗರಿಷ್ಠ ಮಿತಿ 125 ಡಿಗ್ರಿ. ನಮ್ಮ ಬೇಸಿಗೆಯ 42 ಡಿಗ್ರಿಗೆ 90 ಸೇರಿಸಿ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಒಂದು ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ತಗಡಿಗೆ ಬಿಗಿಯುವುದು ಒಳ್ಳೆಯದು. ಫ್ಯೂಸನ್ನು ಉಪಕರಣ ನಿಜವಾಗಿ ಎಳೆಯುವ ಕರೆಂಟಿಗಿಂತ ತುಸು ಮೇಲೆ, ಅಡಾಪ್ಟರ್ ಕೊಡಬಲ್ಲದ್ದಕ್ಕಿಂತ ಸಾಕಷ್ಟು ಕೆಳಗೆ ಇರುವಂತೆ ಆರಿಸಬೇಕು. ಅರ್ಧ ಆಂಪಿಯರ್ ಎಳೆಯುವ ರೂಟರಿಗೆ 800 ಮಿಲಿಆಂಪಿಯರ್ ಫ್ಯೂಸ್ ಹಾಕಿ, ಅಡಾಪ್ಟರನ್ನು 2 ಆಂಪಿಯರಿನದಾಗಿ ಬದಲಿಸಿದರೆ ಜೋಡಿ ಕೂಡುತ್ತದೆ. ಬ್ಯಾಟರಿಯಿಂದ ನಡೆಯುವ ವ್ಯವಸ್ಥೆಯಲ್ಲಿ ಇದರ ತದ್ವಿರುದ್ಧ ಸಮಸ್ಯೆ: ಬ್ಯಾಟರಿ ಲೆಕ್ಕವಿಲ್ಲದಷ್ಟು ಕರೆಂಟು ಸುರಿಯುತ್ತದೆ, ಬಿಟಿ151 ಅದನ್ನು ಫ್ಯೂಸ್ ಹಾರುವವರೆಗೆ ತಾಳಬೇಕು. 3 ಆಂಪಿಯರ್ ಫ್ಯೂಸಿನವರೆಗೆ ಇದನ್ನು ಬಳಸಿ, ಅದಕ್ಕೂ ಹೆಚ್ಚಿಗೆ ಬೇಕಾದರೆ 25 ಆಂಪಿಯರಿನ ಎಸ್‌ಸಿಆರ್ ಕೊಳ್ಳಿ.

ಪರೀಕ್ಷೆ

ರೂಟರನ್ನೇ ಸಿಕ್ಕಿಸಿ ಪರೀಕ್ಷೆ ಮಾಡುವ ಅವಸರ ಬೇಡ. ಬೆಂಚ್ ಪವರ್ ಸಪ್ಲೈ ಇರುವವರು ಕರೆಂಟ್ ಮಿತಿಯನ್ನು 100 ಮಿಲಿಆಂಪಿಯರಿಗೆ ಇಳಿಸಿ, ವೋಲ್ಟೇಜನ್ನು 10ರಿಂದ ನಿಧಾನವಾಗಿ ಏರಿಸಲಿ. ಇಲ್ಲದವರಿಗೆ ಲ್ಯಾಪ್‌ಟಾಪಿನ ಹಳೆಯ 19 ವೋಲ್ಟ್ ಅಡಾಪ್ಟರ್ ಮತ್ತು 5 ವ್ಯಾಟಿನ 1 ಕಿಲೋ ಓಮ್ ವೈರ್‌ವೌಂಡ್ ಪಾಟ್ (ತಿರುಗಿಸಿ ರೋಧ ಬದಲಿಸುವ ಮೂರು ಕಾಲಿನ ರೆಸಿಸ್ಟರ್) ಸಾಕು: ಪಾಟಿನ ಎರಡು ಅಂಚಿನ ಕಾಲುಗಳಿಗೆ 19 ವೋಲ್ಟ್ ಕೊಟ್ಟು, ನಡುವಿನ ಕಾಲು ಮತ್ತು ಮೈನಸ್ಸನ್ನು ನಮ್ಮ ಬೋರ್ಡಿನ ಒಳಹಾದಿಗೆ ಕೊಡುವುದು. ಪಾಟ್ ಪೂರ್ತಿ ಮೈನಸ್ ಕಡೆಗಿರುವಾಗ ಶುರುಮಾಡಿ ತಿರುಗಿಸುತ್ತ ಹೋದಂತೆ ಮೀಟರಿನಲ್ಲಿ 11, 12, 13 ಎಂದು ಅಂಕಿ ಏರುತ್ತದೆ, ಮತ್ತೆ ಒಂದು ಕಡೆ ಥಟ್ಟನೆ ಒಂದು ವೋಲ್ಟಿನ ಕೆಳಗೋ ಆಸುಪಾಸಿಗೋ ಕುಸಿಯುತ್ತದೆ. ಕುಸಿಯುವ ಮೊದಲು ಕಂಡ ಕೊನೆಯ ಅಂಕಿಯೇ ನಿಮ್ಮ ಹಾರೆಯ ಮಟ್ಟ. ಕುಸಿದೊಡನೆ ವಿದ್ಯುತ್ ತೆಗೆಯಿರಿ, ಪಾಟ್ ಬಿಸಿಯಾಗುತ್ತದೆ. ಮೂರು ಸಲ ಮಾಡಿ, ಮೂರೂ ಸಲ ಹತ್ತಿರ ಹತ್ತಿರದ ಅಂಕಿ ಬಂದರೆ ಅದನ್ನು ಡಬ್ಬಿಯ ಮೇಲೆ ಬರೆಯಿರಿ. ಕುಸಿಯದೆ 17–18ರವರೆಗೂ ಏರಿದರೆ ಝೀನರ್ ತಿರುಗುಮುರುಗಾಗಿಲ್ಲ, ಬದಲಿಗೆ ಎಸ್‌ಸಿಆರಿನ ಕಾಲುಗಳು ತಪ್ಪಿವೆ ಅಥವಾ ಗೇಟಿನ ಬೆಸುಗೆ ಹಿಡಿದಿಲ್ಲ. ಝೀನರ್ ತಿರುಗಿದ್ದರೆ ಎರಡು ಮೂರು ವೋಲ್ಟಿಗೇ ಕುಸಿಯುತ್ತದೆ.

ಬಳಿಕ ನಿಜವಾದ ಪರೀಕ್ಷೆ. 1 ಆಂಪಿಯರಿನ ಫ್ಯೂಸ್ ಹಾಕಿ, ಉಪಕರಣದ ಜಾಗದಲ್ಲಿ ಬೈಕಿನ 12 ವೋಲ್ಟಿನ ಇಂಡಿಕೇಟರ್ ಬಲ್ಬನ್ನು ಸಿಕ್ಕಿಸಿ. ಮೊದಲು 12 ವೋಲ್ಟ್ ಅಡಾಪ್ಟರ್ ಕೊಟ್ಟಾಗ ಬಲ್ಬ್ ಹೊತ್ತಿ ಉಳಿಯಬೇಕು. ಅಲ್ಲೇ ಫ್ಯೂಸ್ ಹಾರಿದರೆ 10 ವ್ಯಾಟಿನ ಬಲ್ಬಿನ ತಣ್ಣನೆಯ ತಂತು ಎಳೆದ ಕರೆಂಟಿಗೆ ಹಾರಿದ್ದು, 5 ವ್ಯಾಟಿನ ಬಲ್ಬಿಗೆ ಬದಲಿಸಿ. ನಂತರ ಅದನ್ನು ತೆಗೆದು 19 ವೋಲ್ಟಿನ ಅಡಾಪ್ಟರನ್ನು ನೇರವಾಗಿ ಕೊಟ್ಟರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಫ್ಯೂಸಿನೊಳಗೆ ಮಿಂಚಿ, ಬಲ್ಬ್ ಹೊತ್ತದೆ ಕೆಂಪು ಎಲ್‌ಇಡಿ ಹೊತ್ತಿಕೊಳ್ಳಬೇಕು. ಒಂದು ಫ್ಯೂಸ್ ಕಳೆದುಕೊಂಡದ್ದಕ್ಕೆ ಬೇಸರ ಬೇಡ. ಪರೀಕ್ಷಿಸದ ರಕ್ಷಣೆಯನ್ನು ನಂಬುವುದಕ್ಕಿಂತ ಇದು ಅಗ್ಗ.

ಎಸ್‌ಸಿಆರ್ ತೆರೆದುಕೊಳ್ಳಲು ಸುಮಾರು ಎರಡು ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಚುರುಕಾದ ಏಟುಗಳಿಗೂ ಅಡ್ಡಿಯಿರಲಿ ಎನ್ನುವವರು ‘ಅ’ ಬಿಂದು ಮತ್ತು ಮೈನಸ್ ನಡುವೆ ಪಿ6ಕೆಇ15ಎ ಎಂಬ ಟಿವಿಎಸ್ ಡಯೋಡನ್ನು, ಪಟ್ಟಿ ಪ್ಲಸ್ ಕಡೆಗಿರುವಂತೆ ಸೇರಿಸಬಹುದು.

ಎರಡನೆಯ ಸರ್ಕ್ಯೂಟ್: 230 ವೋಲ್ಟಿನ ಕಡೆಗೆ ವೇರಿಸ್ಟರ್

ಈ ಭಾಗವನ್ನು ಮೇನ್ಸ್ ಕೆಲಸ ಮಾಡಿ ರೂಢಿಯಿರುವವರು ಮಾತ್ರ ಕೈಗೆತ್ತಿಕೊಳ್ಳಬೇಕು; ಉಳಿದವರು ಓದಿ ತಿಳಿದುಕೊಂಡು ಬಲ್ಲ ವೈರ್‌ಮನ್ ಕೈಯಲ್ಲಿ ಮಾಡಿಸಲಿ. ಉಪಾಯ ಅದೇ: ಮುಂದೆ ಫ್ಯೂಸ್, ಹಿಂದೆ ಅಡ್ಡ ಬೀಳುವ ವಸ್ತು. ಇಲ್ಲಿ ಅಡ್ಡ ಬೀಳುವುದು ಜಿಂಕ್ ಆಕ್ಸೈಡಿನಿಂದ ಮಾಡಿದ ಬಿಲ್ಲೆ, ಮೆಟಲ್ ಆಕ್ಸೈಡ್ ವೇರಿಸ್ಟರ್. ಅದರ ಮೇಲಿನ 14ಡಿ471ಕೆ ಎಂಬ ಬರಹದಲ್ಲಿ 14 ಎಂಬುದು ಬಿಲ್ಲೆಯ ವ್ಯಾಸ ಮಿಲಿಮೀಟರಿನಲ್ಲಿ. 471 ಎಂದರೆ 47ರ ಮುಂದೆ ಒಂದು ಸೊನ್ನೆ, 470 ವೋಲ್ಟಿಗೆ ಅದು ಒಂದು ಮಿಲಿಆಂಪಿಯರ್ ಹರಿಸತೊಡಗುತ್ತದೆ. ಕೆ ಎಂದರೆ ಶೇ. 10ರ ವ್ಯತ್ಯಾಸ. ಎಡೆಬಿಡದೆ ತಾಳುವ ಎಸಿ ವೋಲ್ಟೇಜ್ 300. ಅಂಗಡಿಯವರು ಸಾಮಾನ್ಯವಾಗಿ ಕೈಗೆ ಕೊಡುವುದು 275 ವೋಲ್ಟ್ ತಾಳುವ 14ಡಿ431ಕೆ. ರಾತ್ರಿ ವೋಲ್ಟೇಜ್ 260ರ ಮೇಲೆ ಆಡುವ ಊರಿನಲ್ಲಿ ಅದು ಅಂಚಿನಲ್ಲೇ ನಿಂತು ಕಾಯುತ್ತ ಬೇಗ ಮುದಿಯಾಗುತ್ತದೆ. ನಾನು ಯಾವಾಗಲೂ 471ನ್ನೇ ಕೇಳಿ ಪಡೆಯುತ್ತೇನೆ.

ಮಿಂಚಿನ ಏಟು ಬಂದಾಗ ವೇರಿಸ್ಟರ್ ಕ್ಷಣಮಾತ್ರ ಹರಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ನ್ಯೂಟ್ರಲ್ ಕಡಿದಾಗ ಮಾತ್ರ ಏರಿಕೆ ನಿಲ್ಲುವುದೇ ಇಲ್ಲ. ಬಿಲ್ಲೆ ಕಾದು, ಒಡೆದು, ಶಾರ್ಟ್ ಆಗಿ ಫ್ಯೂಸನ್ನು ಹಾರಿಸಿ ತಾನೂ ಸಾಯುತ್ತದೆ. ನಮ್ಮ ಓಣಿಯ ಮೊದಲ ಡಬ್ಬಿಯಲ್ಲಿ ಆದದ್ದು ಇದೇ. ಆದ್ದರಿಂದ ಫ್ಯೂಸಿಲ್ಲದ ವೇರಿಸ್ಟರ್ ರಕ್ಷಣೆಯಲ್ಲ, ಬೆಂಕಿಗೆ ಕಾರಣ. ಆ ಫ್ಯೂಸ್ ಗಾಜಿನದಾಗಿರಬಾರದು: ಗಾಜಿನ ಸಣ್ಣ ಫ್ಯೂಸು ಸುರಕ್ಷಿತವಾಗಿ ಕಡಿಯಬಲ್ಲದ್ದು ಕೆಲವು ಹತ್ತು ಆಂಪಿಯರುಗಳನ್ನು ಮಾತ್ರ, ಅದಕ್ಕೂ ಮೀರಿದರೆ ಸಿಡಿಯುತ್ತದೆ. ಮರಳು ತುಂಬಿದ ಬಿಳಿ ಪಿಂಗಾಣಿಯ ಫ್ಯೂಸ್ ಕೊಳ್ಳಿ. 500 ವೋಲ್ಟ್ ಎಂದು ಬರೆದದ್ದು ಸಿಕ್ಕರೆ ಅದೇ ಸೂಕ್ತ. ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸುವ ಡಬ್ಬಿಗೆ 2 ಆಂಪಿಯರ್ ಸಾಕು.

ಮೂರು ಪಿನ್ನಿನ ಪ್ಲಗ್ಗಿನಿಂದ ಬಂದ ಫೇಸ್ ತಂತಿ ಫ್ಯೂಸ್ ಹಾಯ್ದು ಸಾಕೆಟ್ಟಿಗೆ ಹೋಗಲಿ, ನ್ಯೂಟ್ರಲ್ ಮತ್ತು ಅರ್ಥ್ ನೇರವಾಗಿ ಹೋಗಲಿ. ವೇರಿಸ್ಟರನ್ನು ಫ್ಯೂಸ್ ದಾಟಿದ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಸಾಕೆಟ್ಟಿನ ಸ್ಕ್ರೂಗಳಿಗೆ ಆದಷ್ಟು ಹತ್ತಿರ, ಕಾಲುಗಳನ್ನು ಗಿಡ್ಡವಾಗಿಟ್ಟು ಬಿಗಿಯಿರಿ. ಉದ್ದ ತಂತಿಯಲ್ಲಿ ಜೋತುಬಿಟ್ಟರೆ ಚುರುಕಾದ ಏಟಿನ ಮುಂದೆ ಅದರ ಅರ್ಧ ಕೆಲಸ ತಂತಿಯಲ್ಲೇ ಕಳೆದುಹೋಗುತ್ತದೆ. ಬಿಲ್ಲೆಯ ಮೇಲೆ ಫೈಬರ್‌ಗ್ಲಾಸ್ ಸ್ಲೀವ್ ಹಾಕಬೇಕು. ಡಬ್ಬಿ ಬೆಂಕಿ ಹಿಡಿಯದ ಪಾಲಿಕಾರ್ಬೊನೇಟಿನದೋ ಅರ್ಥ್ ಮಾಡಿದ ತಗಡಿನದೋ ಇರಲಿ, ಮರದ ಬೋರ್ಡು ಬೇಡ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಅಥವಾ ಗಿರಣಿಯ ತೌಡು ಬಿಡಿಭಾಗಗಳ ನಡುವೆ ಕುಳಿತು ಮಳೆಗಾಲದ ತೇವ ಹೀರಿದರೆ ಅದೇ ಸೋರಿಕೆಯ ದಾರಿಯಾಗುತ್ತದೆ, ಆದ್ದರಿಂದ ತಂತಿ ಒಳಬರುವ ತೂತಿಗೂ ರಬ್ಬರ್ ಬುಷ್ ಹಾಕಿ.

ಮೊದಲ ಸಲ ವಿದ್ಯುತ್ ಕೊಡುವಾಗ 60 ವ್ಯಾಟಿನ ಬಲ್ಬಿರುವ ಸೀರೀಸ್ ಬೋರ್ಡಿನ (ಕರೆಂಟು ಬಲ್ಬಿನ ಮೂಲಕವೇ ಹಾಯ್ದು ಸಾಕೆಟ್ಟಿಗೆ ಬರುವ ಬೋರ್ಡಿನ) ಮೂಲಕವೇ ಕೊಡಿ. ಸಾಕೆಟ್ ಖಾಲಿಯಿರುವಾಗ ಬಲ್ಬ್ ಹೊತ್ತಬಾರದು. ಹೊತ್ತಿದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಈ ಡಬ್ಬಿಯನ್ನು ಹೆಚ್ಚು ವೋಲ್ಟೇಜ್ ಕೊಟ್ಟು ಪರೀಕ್ಷಿಸುವ ಸಾಹಸಕ್ಕೆ ಮನೆಯಲ್ಲಿ ಯಾರೂ ಕೈಹಾಕಬಾರದು.

ಇವೆರಡರ ಆಚೆಗೆ

ಫ್ರಿಜ್, ಮೋಟರ್, ಎಸಿ ಇರುವ ಇಡೀ ಮನೆಯನ್ನು ಫ್ಯೂಸ್ ಮತ್ತು ಬಿಲ್ಲೆಯಿಂದ ಕಾಯಲಾಗದು. ಅದಕ್ಕೆ ಎಂಸಿಬಿ ಪಟ್ಟಿಯ ಮೇಲೆ ಕೂರುವ, ಅಂಕಿ ತೋರಿಸುವ ಓವರ್ ವೋಲ್ಟೇಜ್ – ಅಂಡರ್ ವೋಲ್ಟೇಜ್ ರಿಲೇ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಕಟ್ಟಲು ಹೋಗದೆ ಕೊಳ್ಳುವುದೇ ಜಾಣತನ. ಕಡಿತದ ಮಟ್ಟವನ್ನು 265–270ಕ್ಕೂ, ಮರುಸಂಪರ್ಕದ ವಿಳಂಬವನ್ನು ಫ್ರಿಜ್ಜಿನ ಕಂಪ್ರೆಸರಿಗೋಸ್ಕರ ಮೂರು ನಿಮಿಷಕ್ಕೂ ಇಡಿ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಇವು ಯಾವುದೂ ನಿಲ್ಲುವುದಿಲ್ಲ. ಡಿವಿಆರಿಗೆ ಕ್ಯಾಮೆರಾ ಕೇಬಲಿನಿಂದಲೂ ರೂಟರಿಗೆ ನೆಟ್‌ವರ್ಕ್ ತಂತಿಯಿಂದಲೂ ಏಟು ನುಗ್ಗುವುದರಿಂದ, ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪ್ಲಗ್ಗಿನ ಜೊತೆಗೆ ಆ ತಂತಿಗಳನ್ನೂ ಕಳಚಿಡಬೇಕು. ಬಲ್ಬುಗಳು ಒಮ್ಮೆ ಮಂಕಾಗಿ ಒಮ್ಮೆ ಪ್ರಖರವಾಗಿ ಆಡುತ್ತಿದ್ದರೆ ಅದು ನ್ಯೂಟ್ರಲ್ ಸಡಿಲವಾಗುತ್ತಿರುವ ಲಕ್ಷಣ. ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಹೇಳಿ, ಕಂಬಕ್ಕೆ ನೀವು ಕೈಹಾಕಬೇಡಿ.

ಪ್ರತಿ ವರ್ಷ ಮಾರ್ಚಿನಲ್ಲಿ, ಗುಡುಗು ಶುರುವಾಗುವ ಮೊದಲು, ಎರಡೂ ಡಬ್ಬಿಗಳನ್ನು ಪ್ಲಗ್ ಕಿತ್ತ ಮೇಲೆ ಬಿಚ್ಚಿ ನೋಡಿ. ವೇರಿಸ್ಟರಿನ ಮೈ ಕಂದಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕು ಕಂಡರೆ ಬದಲಿಸಿ. ಹನ್ನೆರಡು ವೋಲ್ಟಿನ ಡಬ್ಬಿಯನ್ನು ಮತ್ತೊಮ್ಮೆ ಪಾಟ್ ತಿರುಗಿಸಿ ಪರೀಕ್ಷಿಸಿ, ಮೇಲೆ ಬರೆದಿಟ್ಟ ಅಂಕಿಯೊಂದಿಗೆ ತಾಳೆ ನೋಡಿ. ಫ್ಯೂಸ್ ಹಾರಿದಾಗ ಮನೆಯವರು ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದವನ್ನೋ ತಂತಿಯ ಎಳೆಯನ್ನೋ ಹುಡುಕದಂತೆ, ಅದೇ ಅಳತೆಯ ಎರಡು ಫ್ಯೂಸುಗಳನ್ನು ಮುಚ್ಚಳದ ಒಳಬದಿಗೆ ಟೇಪಿನಲ್ಲಿ ಅಂಟಿಸಿಡಿ.